ವಾಡಿಕೆ ಮಳೆ ಅನ್ನೋ ಮಾತು

"ಈ ಸಲ ವಾಡಿಕೆಯಷ್ಟು ಮಳೆ ಆಗಿದೆ" ಅನ್ನೋ ಸುದ್ದಿ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಲೆಕ್ಕ ಸರಿಯೇ ಇರಬಹುದು. ಆದರೆ ಪೈರು ಸರಾಸರಿ ನೀರು ಕುಡಿಯುವುದಿಲ್ಲ ಅಲ್ವಾ? ತಿಂಗಳ ಮಳೆಯೆಲ್ಲ ಮೂರೇ ದಿನದಲ್ಲಿ ಸುರಿದರೂ ಕಾಗದದ ಮೇಲೆ ಅದು ವಾಡಿಕೆಯೇ. ಹೊಲದಲ್ಲಿ ನೋಡಿದರೆ ಮೊದಲ ಬಿತ್ತನೆ ಒಣಗಿದೆ, ಎರಡನೆಯದು ಕೊಚ್ಚಿಹೋಗಿದೆ.

ಭೂಮಿ ಬಿಸಿಯೇರುತ್ತಿರುವುದೂ ಇದಕ್ಕೆ ಕಾರಣ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಸುರಿಯುವಾಗ ಜೋರಾಗಿ ಸುರಿಯುತ್ತದೆ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಅದೇ ಗಾಳಿ ಮಣ್ಣಿನ ತೇವ ಹೀರುತ್ತದೆ.

ಮಳೆಯದ್ದಾದರೂ ಮಾತಿಗೆ ಬರುತ್ತದೆ. ರಾತ್ರಿ ಸೆಕೆಯದ್ದು ಯಾರಿಗೂ ಬೇಡ. ಗಿಡ ರಾತ್ರಿಯೂ ಉಸಿರಾಡುತ್ತದೆ. ಸೆಕೆ ಹೆಚ್ಚಾದಷ್ಟೂ ಹಗಲು ಕೂಡಿಟ್ಟದ್ದನ್ನು ತಾನೇ ಖರ್ಚು ಮಾಡಿಕೊಳ್ಳುತ್ತದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ತನ್ನ ಗದ್ದೆಗಳ ಲೆಕ್ಕ ನೋಡಿ 2004ರಲ್ಲೇ ಹೇಳಿತ್ತು: ಒಣ ಹಂಗಾಮಿನಲ್ಲಿ ರಾತ್ರಿಯ ಉಷ್ಣಾಂಶ 1 ಡಿಗ್ರಿ ಏರಿದರೆ ಭತ್ತದ ಇಳುವರಿ ಸುಮಾರು 10% ಕುಸಿಯುತ್ತದೆ. ಇನ್ನು ಹೂ ಬಿಡುವ ಹೊತ್ತಿಗೆ ಬಿಸಿಲು 35 ಡಿಗ್ರಿ ದಾಟಿದರೆ ಕಾಳು ಕಟ್ಟುವುದೇ ಕಷ್ಟ. ದೂರದಿಂದ ಗದ್ದೆ ಚೆನ್ನಾಗಿಯೇ ಕಾಣುತ್ತದೆ. ತೆನೆ ಹಿಸುಕಿ ನೋಡಿದರೆ ಬರೀ ಜೊಳ್ಳು.

"ಬದಲಾಗುತ್ತಿರುವ ಹವಾಮಾನಕ್ಕೆ ರೈತರು ಹೊಂದಿಕೊಳ್ಳಬೇಕು" ಅಂತ ಸುಮ್ನೆ ಹೇಳಿಬಿಡುತ್ತೇವೆ. ಅವರೇನು ಕೈಕಟ್ಟಿ ಕೂತಿಲ್ಲ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ರೈತ ಯಾಕೂಬಾ ಸವಾಡೊಗೊ 1980ರ ಸುಮಾರಿಗೆ, ಬರದ ನಡುವೆ, ಕಲ್ಲಿನಂತೆ ಗಟ್ಟಿಯಾದ ನೆಲದಲ್ಲಿ ಮಳೆಗೆ ಮುಂಚೆಯೇ ಸಣ್ಣ ಗುಂಡಿ ತೋಡಿ ಗೊಬ್ಬರ ತುಂಬಿದರು. ಗೊಬ್ಬರಕ್ಕೆ ಗೆದ್ದಲು ಬಂತು. ಗೆದ್ದಲು ಕೊರೆದ ದಾರಿಯಲ್ಲಿ ನೀರು ಇಂಗಿತು. (ನಾವು ಔಷಧಿ ಹೊಡೆದು ಓಡಿಸುವ ಗೆದ್ದಲು!) ಝಾಯಿ ಅನ್ನೋ ಆ ಗುಂಡಿ ಅಲ್ಲಿನ ಹಳೇ ಪದ್ಧತಿಯೇ. ಅವರು ಅದನ್ನು ತಿದ್ದಿದರು. ಊರವರು ಹುಚ್ಚ ಅಂದರು. 2018ರಲ್ಲಿ 'ಪರ್ಯಾಯ ನೊಬೆಲ್' ಅಂತ ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಗುಂಡಿ ತೋಡುವುದು ಬೇಸಿಗೆಯಿಡೀ ಸೊಂಟ ಮುರಿಯುವ ಕೆಲಸ. ಫಲ ಸಿಗದಿದ್ದರೆ ನಷ್ಟ ಅವರೊಬ್ಬರದ್ದೇ ಆಗಿರುತ್ತಿತ್ತು. ನನ್ನ ತಕರಾರು ಇರುವುದು ಇಲ್ಲೇ. ಹೊಸ ತಳಿ, ಹೊಸ ಬೆಳೆ, ಬಿತ್ತನೆ ದಿನ ಬದಲಿಸುವುದು, ಎಲ್ಲದರಲ್ಲೂ ಮೊದಲ ವರ್ಷದ ಜೂಜು ರೈತನದ್ದು. ಸ್ವರ್ಣ-ಸಬ್1 ಭತ್ತವನ್ನು ರೈತರು ಒಪ್ಪಿದ್ದು ಸುಮ್ನೆ ಅಲ್ಲ. ಬೆಳೆದು ಗೊತ್ತಿದ್ದ ಸ್ವರ್ಣ ತಳಿಯೇ ಅದು, ಎರಡು ವಾರ ಮುಳುಗಿದ್ದರೂ ಚೇತರಿಸಿಕೊಳ್ಳುವ ಗುಣವಷ್ಟೇ ಹೊಸದು. ಜೂಜು ಕಡಿಮೆ.

ಹೊಂದಿಕೊಳ್ಳಿ ಅನ್ನುವವರು ಆ ಮೊದಲ ವರ್ಷದ ನಷ್ಟದಲ್ಲಿ ಪಾಲು ತೆಗೆದುಕೊಳ್ಳಲಿ. ಪರಿಹಾರದ ಲೆಕ್ಕ ಹಾಕುವಾಗ ಒಟ್ಟು ಮಳೆ ಎಷ್ಟು ಅನ್ನುವುದರ ಜೊತೆಗೆ, ಎರಡು ಮಳೆಗಳ ನಡುವೆ ಎಷ್ಟು ದಿನ ಒಣಗಿತ್ತು ಅನ್ನುವುದನ್ನೂ ಬರೆದುಕೊಳ್ಳಲಿ.