ಕೊನೆಗೆ ಬಂದವರಿಗೂ ಹತ್ತು ನಿಮಿಷ ಕೊಡಿ

ಏಳು ದಿನ, ಒಂಬತ್ತು ಜನ, ದಿನಕ್ಕೆ ಹೆಚ್ಚುಕಡಿಮೆ 80 ಕಿ.ಮೀ. ಸೈಕಲ್ ಪ್ರವಾಸ ಮುಗಿಸಿ ಬಂದು ನಾಲ್ಕು ದಿನವಾಯಿತು. ತೊಡೆನೋವು ಹೋಗಿದೆ. ಎರಡನೇ ದಿನದ ಮಧ್ಯಾಹ್ನ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ಅವತ್ತು ಉದ್ದನೆಯ ಏರು. ಮುಂದಿದ್ದ ನಾವು ಆರು ಜನ ಮೇಲೆ ತಲುಪಿ, ಮರಕ್ಕೆ ಸೈಕಲ್ ಒರಗಿಸಿ, ನೀರು ಕುಡಿದು, ಹರಟುತ್ತಾ ಕೂತಿದ್ದೆವು. ಇಪ್ಪತ್ತು ನಿಮಿಷದ ನಂತರ ಗುಂಪಿನ ಅಕ್ಕ ಒಬ್ಬರು ಎಲ್ಲರಿಗಿಂತ ಕೊನೆಗೆ ಏದುಸಿರು ಬಿಡುತ್ತಾ ಬಂದರು. ಒಂದು ಕಾಲು ನೆಲಕ್ಕೂರಿ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ನಾನು "ಎಲ್ಲರೂ ಬಂದಾಯ್ತಲ್ಲ, ಹೊರಡೋಣ" ಅಂದೆ. ಅವರು ಏನೂ ಹೇಳದೆ ಮುಚ್ಚಳ ಮತ್ತೆ ಬಿಗಿ ಮಾಡಿದರು. ಆ ಕೈಯನ್ನು ನಾನು ನೋಡಿದೆ, ಆದರೂ ಸೈಕಲ್ ಹತ್ತಿಬಿಟ್ಟೆ.

ಲೆಕ್ಕ ಹಾಕಿ ನೋಡಿ. ಗಟ್ಟಿಯಿದ್ದವರಿಗೆ ಇಪ್ಪತ್ತು ನಿಮಿಷದ ವಿಶ್ರಾಂತಿ, ಸುಸ್ತಾದವರಿಗೆ ಅರ್ಧ ನಿಮಿಷವೂ ಇಲ್ಲ. ದಿನಕ್ಕೆ ಐದು ಸಲ ಹೀಗಾದರೆ ಮೂರನೇ ದಿನಕ್ಕೆ ಆ ವ್ಯಕ್ತಿ ಕುಸಿಯುವುದು ಖಂಡಿತ. ಆಮೇಲೆ "ಪಾಪ, ಅವರಿಗೆ ಅಭ್ಯಾಸ ಸಾಲದು" ಅಂತ ನಾವೇ ಹೇಳುತ್ತೇವೆ. ಅದು ಅನ್ಯಾಯ. ಆ ರಾತ್ರಿ ಒಂದು ನಿಯಮ ಮಾಡಿಕೊಂಡೆವು: ಕೊನೆಯವರು ಬಂದು ಸೈಕಲ್ ನಿಲ್ಲಿಸಿದ ಮೇಲೆಯೇ ಹತ್ತು ನಿಮಿಷದ ಎಣಿಕೆ ಶುರು.

ಇನ್ನೊಂದು ತಪ್ಪು, ನಿಧಾನದವರನ್ನು ಸಾಲಿನ ಕೊನೆಗೆ ಬಿಡುವುದು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ದಾಟಿದರೆ ನಮ್ಮ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ತಳ್ಳುವುದಕ್ಕೇ ಖರ್ಚಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. ಮುಂದಿನ ಸೈಕಲ್ಲಿನ ಮರೆಯಲ್ಲಿ ಹೋದರೆ ಆ ಶ್ರಮ ಎಷ್ಟೋ ಉಳಿಯುತ್ತದೆ. ಆದರೆ ಬಾಲದಲ್ಲಿರುವವರ ಕಷ್ಟವೇ ಬೇರೆ. ಮುಂದಿನವರು ಚೂರು ಬ್ರೇಕ್ ಹಿಡಿದರೂ ಹಿಂದಿನವರು ಪೂರ್ತಿ ನಿಧಾನಿಸಿ, ಮತ್ತೆ ಜೋರಾಗಿ ತುಳಿದು ಗುಂಪು ಸೇರಬೇಕು. ಒಮ್ಮೆ ಸಂಪರ್ಕ ತಪ್ಪಿತೋ, ಎದುರುಗಾಳಿಯಲ್ಲಿ ಒಂಟಿ. ಹಾಗಾಗಿ ಅಕ್ಕನನ್ನು ಎರಡನೇ ಜಾಗಕ್ಕೆ ತಂದೆವು. ಐದನೇ ದಿನ ಬೆಳಗಿನಿಂದ ಎದುರುಗಾಳಿ ಬೀಸಿದರೂ ಒಂಬತ್ತೂ ಜನ ಒಟ್ಟಿಗೇ ತಲುಪಿದೆವು. ಏರಿನಲ್ಲಿ ಮಾತ್ರ ಈ ಮರೆ ಅಷ್ಟಾಗಿ ನಡೆಯದು. ಅಲ್ಲಿ ಅವರವರ ಗೇರು, ಅವರವರ ಉಸಿರು.

ಮುಂದೆ ಹೋಗುವ ಸರದಿ ಬಂದಾಗ ಹುರುಪಿನಲ್ಲಿ ವೇಗ ಹೆಚ್ಚಿಸುವವರಿಗೆ ಒಂದು ವಿನಂತಿ: ದಯವಿಟ್ಟು ಬೇಡ. ಮೊದಲಿದ್ದ ವೇಗವನ್ನೇ ಕಾಯ್ದುಕೊಳ್ಳಿ. ಗುಂಡಿ ಕಂಡರೆ ಕೂಗಿ ಹೇಳಿ, ನಿಮ್ಮ ಬೆನ್ನ ಹಿಂದಿರುವವರಿಗೆ ರಸ್ತೆ ಕಾಣುವುದಿಲ್ಲ. ಹಿಂದಿರುವವರು ನಿಮ್ಮ ಮುಂದಿನ ಚಕ್ರವನ್ನು ಇನ್ನೊಬ್ಬರ ಹಿಂದಿನ ಚಕ್ರದ ಪಕ್ಕಕ್ಕೆ ತೂರಿಸಬೇಡಿ. ತಾಗಿದರೆ ಸಾಮಾನ್ಯವಾಗಿ ಬೀಳುವವರು ಹಿಂದಿನವರೇ.

ಪಂಕ್ಚರ್ ವಿಷಯದಲ್ಲೂ ಅವಸರವೇ ನಮ್ಮನ್ನು ಕೆಡಿಸಿತು. ಒಂದೇ ಚಕ್ರಕ್ಕೆ ಅರ್ಧ ಗಂಟೆಯಲ್ಲಿ ಎರಡು ಟ್ಯೂಬ್ ಹೋದವು. ಕೊನೆಗೆ ಟೈರಿನ ಒಳಮೈಯನ್ನು ಬೆರಳ ತುದಿಯಿಂದ ಮೆಲ್ಲಗೆ ಸವರುತ್ತಾ ಹೋದಾಗ ಕಣ್ಣಿಗೂ ಕಾಣದಷ್ಟು ಸಣ್ಣ ತಂತಿಯ ಚೂರು ಚುಚ್ಚಿತು. ಅದನ್ನು ಕೀಳದೆ ಎಷ್ಟು ಟ್ಯೂಬ್ ಹಾಕಿದರೂ ವ್ಯರ್ಥ.

ಮೈಯ ವಿಚಾರ ಚುಟುಕಾಗಿ ಹೇಳುತ್ತೇನೆ. ಪ್ಯಾಡ್ ಇರುವ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬೇಡಿ, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಅಂಗೈಯ ನರ ಒತ್ತುತ್ತಿದೆ ಎಂದರ್ಥ, ಹಿಡಿತ ಬದಲಿಸುತ್ತಿರಿ. ಹಸಿವಾಗುವ ಮೊದಲೇ ತಿನ್ನಿ.

ಮುಂದಿನ ಪ್ರವಾಸಕ್ಕೆ ದಿನದ ದೂರ ನಿಗದಿ ಮಾಡುವ ಕೆಲಸವನ್ನು ಈ ಸಲ ಅಕ್ಕನಿಗೇ ಒಪ್ಪಿಸಿದ್ದೇವೆ. 65 ಕಿ.ಮೀ. ಸಾಕು ಅಂದಿದ್ದಾರೆ.