ಕೂಸೊಂದೇ ಬಾಕಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ಕಡೆಯವರ ಚಾಳಿ ಅಂದುಕೊಂಡಿದ್ದೆ. ಬ್ರಿಟನ್ನಿನ ಟಿವಿಆರ್ ಎಂಬ ಸ್ಪೋರ್ಟ್ಸ್ ಕಾರು ಕಂಪನಿಯವರು ಕುಲಾವಿ ಹೊಲಿಸಿ, ತೊಟ್ಟಿಲು ಕಟ್ಟಿ, ಹೆಸರಿಟ್ಟು, ಊರವರಿಂದ ಮುಯ್ಯಿಯನ್ನೂ ಬರೆಸಿಕೊಂಡು ಕೂತಿದ್ದಾರೆ. ಕೂಸೊಂದೇ ಬಾಕಿ.

ಮನೆತನ ದೊಡ್ಡದು, ಅನುಮಾನ ಬೇಡ. ಟ್ರೆವರ್ ವಿಲ್ಕಿನ್ಸನ್ ಎಂಬಾತ 1946ರಲ್ಲಿ ಬ್ಲ್ಯಾಕ್‌ಪೂಲ್ ಎಂಬ ಸಮುದ್ರದಂಡೆಯ ಊರಲ್ಲಿ ಅಂಗಡಿ ತೆರೆದ. ತನ್ನ ಹೆಸರಿನ ಆರು ಇಂಗ್ಲಿಷ್ ಅಕ್ಷರಗಳಲ್ಲಿ ಮೂರನ್ನಷ್ಟೇ ಉಳಿಸಿಕೊಂಡು ಕಂಪನಿಗೆ ಟಿವಿಆರ್ ಎಂದು ಹೆಸರಿಟ್ಟ. ಮಿಕ್ಕ ಮೂರು ಎಲ್ಲಿ ಬಿದ್ದುಹೋದವೋ! ಟಿವಿಆರ್‌ನಿಂದ ಏನಾದರೊಂದು ಕಳಚಿ ಬೀಳುವ ಪರಂಪರೆ ಅಲ್ಲಿಂದಲೇ ಶುರುವಾಯಿತು.

1981ರಲ್ಲಿ ಯಜಮಾನನಾಗಿ ಬಂದ ಪೀಟರ್ ವ್ಹೀಲರ್‌ಗೆ ಎಬಿಎಸ್ ಬ್ರೇಕ್, ಏರ್‌ಬ್ಯಾಗ್ ಎಂದರೆ ಆಗದು. ಇವನ್ನೆಲ್ಲ ಕೊಟ್ಟರೆ ಓಡಿಸುವವನಿಗೆ ಭಂಡಧೈರ್ಯ ಬರುತ್ತದೆ ಎಂಬ ವಾದ. ಅವನ ಕೆಲವು ಕಾರುಗಳಿಗೆ ಬಾಗಿಲ ಹಿಡಿಕೆಯೇ ಇಲ್ಲ. ಕನ್ನಡಿಯ ಕೆಳಗೆ ಗುಂಡಿ ಬಚ್ಚಿಟ್ಟಿರುತ್ತಾರೆ, ಹುಡುಕಿಕೊಳ್ಳಬೇಕು. ಅವನ ನಾಯಿ ನೆಡ್‌ನ ಕತೆಯಂತೂ ಜಗತ್ಪ್ರಸಿದ್ಧ. ಕಿಮೇರಾ ಎಂಬ ಕಾರಿನ ಫೋಮ್ ಮಾದರಿ ತಯಾರಾಗುತ್ತಿದ್ದಾಗ ನೆಡ್ ಬಂದು ಅದರ ಮುಂಭಾಗ ಕಚ್ಚಿ ಕಿತ್ತಿತಂತೆ. ವ್ಹೀಲರ್ ನೋಡಿದ, ಚೆನ್ನಾಗಿದೆ ಅಂದ, ಆ ಗುಳಿಯೊಳಗೇ ಇಂಡಿಕೇಟರ್ ಕೂರಿಸಿದ. ಕಾರು ಕೆಟ್ಟು ದಾರಿಯಲ್ಲಿ ನಿಂತರೂ ಜನ ಬಾನೆಟ್ ಎತ್ತಿಕೊಂಡು ಪ್ರೀತಿಯಿಂದಲೇ ಬೈಯುತ್ತಿದ್ದರು. ಏನೇ ಆಗಲಿ, ಕಾರು ಇತ್ತು.

2004ರಲ್ಲಿ ನಿಕೊಲಾಯ್ ಸ್ಮೊಲೆನ್ಸ್ಕಿ ಎಂಬ 24 ವರ್ಷದ ರಷ್ಯನ್ ಹುಡುಗ ಕಂಪನಿ ಕೊಂಡ. 2006ಕ್ಕೆ ಬ್ಲ್ಯಾಕ್‌ಪೂಲ್ ಕಾರ್ಖಾನೆಗೆ ಬೀಗ. 2013ರಲ್ಲಿ ಲೆಸ್ ಎಡ್ಗರ್ ಮತ್ತು ಗೆಳೆಯರು ಹೆಸರನ್ನು ಕೊಂಡು ಪುನರುಜ್ಜೀವನದ ಶಂಖ ಊದಿದರು. ಎಡ್ಗರ್ ಹಿಂದೆ ಬುಲ್‌ಫ್ರಾಗ್, ಅಂದರೆ ಗೋಂಕರುಕಪ್ಪೆ, ಎಂಬ ಕಂಪ್ಯೂಟರ್ ಗೇಮ್ ಕಂಪನಿ ಕಟ್ಟಿದವರಲ್ಲೊಬ್ಬರು. ಇಲ್ಲದ್ದನ್ನು ಪರದೆಯ ಮೇಲೆ ಕಟ್ಟಿ ತೋರಿಸುವ ಕಸುಬಿನಲ್ಲಿ ಪಳಗಿದ ಕೈ.

2017ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಗುಡ್‌ವುಡ್ ಕಾರು ಜಾತ್ರೆಯಲ್ಲಿ ಪರದೆ ಸರಿಯಿತು. ಗ್ರಿಫಿತ್ ಎಂಬ ಹೊಸ ಕಾರು! ರೇಸ್ ಎಂಜಿನ್‌ಗಳಿಗೆ ಹೆಸರಾದ ಕಾಸ್‌ವರ್ತ್ ಕಂಪನಿ ಹದಮಾಡಿದ ಫೋರ್ಡ್ ವಿ8 ಎಂಜಿನ್, 500 ಅಶ್ವಶಕ್ತಿ, ಗಂಟೆಗೆ 320 ಕಿಲೋಮೀಟರ್, ಫಾರ್ಮುಲಾ 1 ಕಾರುಗಳ ವಿನ್ಯಾಸಕ ಗಾರ್ಡನ್ ಮರ್ರಿಯವರ ತಂತ್ರಜ್ಞಾನ. ಬೆಲೆ 90,000 ಪೌಂಡ್, ಮುಂಗಡ 5,000, ಕಾರು 2019ಕ್ಕೆ. ಜನ ಮುಗಿಬಿದ್ದು ದುಡ್ಡು ಕಟ್ಟಿದರು.

ಇನ್ನು ಕಾರ್ಖಾನೆ. ವೇಲ್ಸ್‌ನ ಎಬ್ಬು ವೇಲ್ ಉಕ್ಕಿನ ಊರು. ಆ ಉಕ್ಕಿನ ಕಾರ್ಖಾನೆ 2002ರಲ್ಲಿ ಮುಚ್ಚಿದ ಮೇಲೆ ಊರು ಬಿಕೋ ಎನ್ನುತ್ತಿತ್ತು. ಅಲ್ಲಿ 150 ಮಂದಿಗೆ ಕೆಲಸ ಎಂದು 2016ರಲ್ಲೇ ಘೋಷಣೆಯಾಗಿತ್ತು. ಪಕ್ಕದಲ್ಲೇ ರೇಸ್ ಟ್ರ್ಯಾಕ್ ಬರುತ್ತದೆ ಅಂದರು. 2017ರಲ್ಲಿ ವೇಲ್ಸ್ ಸರ್ಕಾರ ಅದಕ್ಕೆ ಖಾತರಿ ನಿಲ್ಲಲು ಒಲ್ಲೆ ಎಂದಿತು, ಬದಲಿಗೆ 10 ಕೋಟಿ ಪೌಂಡಿನ ವಾಹನೋದ್ಯಮ ಪಾರ್ಕ್ ಅಂದಿತು. ಟಿವಿಆರ್‌ಗೆ ಮಾತ್ರ 20 ಲಕ್ಷ ಪೌಂಡ್ ಸಾಲ ಕೊಟ್ಟಿತು. 5 ಲಕ್ಷ ಪೌಂಡ್ ಹಾಕಿ ಶೇ 3ರಷ್ಟು ಪಾಲನ್ನೂ ಕೊಂಡಿತು. ಇಲ್ಲದ ಕಾರಿನಲ್ಲಿ ನೂರಕ್ಕೆ ಮೂರು ಪಾಲು ಎಂದರೆ ಎಷ್ಟಾಗುತ್ತದೆ? ಒಂದು ವೈಪರ್ರು, ಅರ್ಧ ಸೀಟು ಅನ್ನೋಣ.

ಗುರುತು ಮಾಡಿದ ಕಟ್ಟಡ ಹಳೆಯದು, ಚಾವಣಿಯಿಂದಲೇ ದುರಸ್ತಿ ಆಗಬೇಕು. ಸರ್ಕಾರಿ ದುಡ್ಡಾದ್ದರಿಂದ ಐರೋಪ್ಯ ಒಕ್ಕೂಟದ ನಿಯಮ ಅಡ್ಡ ಬಂತು, ಟೆಂಡರನ್ನು ಯುರೋಪಿನಾದ್ಯಂತ ಕರೆಯಬೇಕು, ಅದಕ್ಕೇ ತಡ ಎಂದಿತು ಕಂಪನಿ. ಎಬ್ಬು ವೇಲ್ ಇರುವ ಬ್ಲೈನೈ ಗ್ವೆಂಟ್ ಪ್ರದೇಶ 2016ರಲ್ಲಿ ಅದೇ ಒಕ್ಕೂಟ ಬಿಡಬೇಕೆಂದು ಶೇ 62ರಷ್ಟು ಮತ ಹಾಕಿತ್ತು, ಇಡೀ ವೇಲ್ಸ್‌ನಲ್ಲೇ ಅತಿ ಹೆಚ್ಚು. ಒಕ್ಕೂಟವೂ ಹೋಯಿತು, ನಿಯಮವೂ ಹೋಯಿತು. ಗ್ರಿಫಿತ್ ಬರಲಿಲ್ಲ. 320ರ ವೇಗದ ಕಾರು ಒಂದು ಚಾವಣಿಗೆ ಕಾಯುತ್ತ ನಿಂತಿತ್ತು ಎಂದರೆ, ಅದರ ಬ್ರೇಕು ಬಹಳ ಒಳ್ಳೆಯದಿರಬೇಕು.

ಹಾಗಂತ ಟಿವಿಆರ್ ಓಡಲೇ ಇಲ್ಲ ಅನ್ನಬೇಡಿ, ಪಾಪ. 2018ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಓಡಿತು. ಅಂದರೆ ಹೆಸರು ಓಡಿತು. ಕಾರು ರೆಬೆಲಿಯನ್ ತಂಡದ್ದು, ಚಾಸಿ ಒರೆಕಾದವರದು, ಎಂಜಿನ್ ಗಿಬ್ಸನ್‌ದು. ಮೂತಿಯ ಮೇಲಿನ ಮೂರಕ್ಷರ ನಮ್ಮವರದು. ಮೂರನೇ ಸ್ಥಾನ ಬೇರೆ! ಮದುವೆ ಮನೆಯಲ್ಲಿ ಪಕ್ಕದ ಮನೆಯವರ ರೇಷ್ಮೆ ಸೀರೆ ಉಟ್ಟು ಮೆರೆದು ಬಂದಂತೆ.

2022ರಲ್ಲಿ ಲಿಥಿಯಂ ಕಂಪನಿಯೊಂದು ಜೊತೆಗೂಡಿತು. ಕೂಡಲೇ ಎಲೆಕ್ಟ್ರಿಕ್ ಗ್ರಿಫಿತ್‌ನ ಘೋಷಣೆ, 2024ಕ್ಕೆ. ಮೊದಲ ಕೂಸಿಗೆ ಹೊಲಿಸಿದ ಕುಲಾವಿ ಮಡಿಕೆ ಬಿಚ್ಚಿಲ್ಲ, ಆಗಲೇ ತಮ್ಮನಿಗೆ ಅಳತೆ. 2024ರಲ್ಲಿ ನಾನಂತೂ ಕಿವಿಗೊಟ್ಟು ಕಾದೆ. ಸದ್ದೇ ಬರಲಿಲ್ಲ. ಆಮೇಲೆ ಹೊಳೆಯಿತು, ಎಲೆಕ್ಟ್ರಿಕ್ ಗಾಡಿಗೆ ಸದ್ದೆಲ್ಲಿ?

ನನಗೆ ಕಾಡುವುದು ಆ ಮುಂಗಡ ಕಟ್ಟಿದಾತ. ಭಾನುವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದು, ನೆಲ ಗುಡಿಸಿ, ಸೈಕಲ್ಲು, ಹುಲ್ಲು ಕತ್ತರಿಸುವ ಯಂತ್ರವನ್ನೆಲ್ಲ ಗೋಡೆಗೆ ಒತ್ತರಿಸಿ, ನಡುವೆ ಕಾರಿನಷ್ಟೇ ಉದ್ದಗಲದ ಜಾಗ ಖಾಲಿ ಬಿಟ್ಟಿರುತ್ತಾನೆ.

ಬೇಲಿಯಾಚೆಯಿಂದ ಪಕ್ಕದ ಮನೆಯವನು ಕೇಳುತ್ತಾನೆ: "ಏನಪ್ಪಾ, ಬಂತಾ ಗಾಡಿ?"

"ಇನ್ನೇನು, ಬಂದಂಗೇ. ಮಳೆ ಬಂದರೂ ಚಿಂತೆಯಿಲ್ಲ, ನನ್ನ ಗ್ಯಾರೇಜಿಗೆ ಚಾವಣಿ ಗಟ್ಟಿಯಾಗಿದೆ."

"ಅವರಿಗೇ ಬಾಡಿಗೆಗೆ ಕೊಡೋ ಮತ್ತೆ."