ಅವ್ವನ್ನೂ ಒಳಗ ಕರೀರಿ

ಹೋದ ತಿಂಗಳು ನನ್ನ ತಮ್ಮನ ಬುದ್ಧಿ ಹಲ್ಲು ತೆಗೆಸಿದೆವು. ಕೆಳದವಡೆಯದು, ಅಡ್ಡಡ್ಡ ಬೆಳೆದಿತ್ತು. ವಸಡು ಕೊಯ್ದು, ಎಲುಬು ಸ್ವಲ್ಪ ಕೊರೆದು ತೆಗೆದರು. ಬಾಯಲ್ಲಿ ಅರಳೆ, ತುಟಿಗೆ ಜೋಮು. ಅಂಥ ಹೊತ್ತಿನಲ್ಲಿ ಅವನ ಕೈಗೆ ಚೀಟಿ ಕೊಟ್ಟು ಏನೇನೋ ಹೇಳಿದರು, ಇವನು ಗೋಣು ಹಾಕಿದ. ಮನೆಯಲ್ಲಿ ಅವನಿಗೆ ಉಣ್ಣಾಕ ಹಾಕುವ ಅವ್ವ ಹೊರಗೆ ಬೆಂಚಿನ ಮೇಲಿದ್ದಳು. ಅವಳಿಗೆ ಯಾರೂ ಏನೂ ಹೇಳಲಿಲ್ಲ.

ನವನಗರದ ಮನೆಗೆ ಬಂದ ಕೂಡಲೇ ಅವ್ವ ತಂಬಿಗೆ ನೀರು ಕೊಟ್ಟು, "ರಕ್ತ ನುಂಗಬ್ಯಾಡೋ ತಮ್ಮಾ, ಉಗುಳಿ ಬಾಯಿ ಮುಕ್ಕಳಿಸು" ಅಂದಳು. ಪ್ರೀತಿಯಿಂದಲೇ ಅಂದಳು. ಸಂಜೆತನಕ ಉಗುಳಿದ. ಮೂರನೇ ದಿನ ತಡೆಯಲಾರದೆ ಇನ್ನೊಂದು ಬದಿಗೆ ತಂಬಾಕು ಇಟ್ಟುಕೊಂಡ.

ನಾಲ್ಕನೇ ರಾತ್ರಿ ಕಿವಿತನಕ ಸಿಡಿತ. ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಕುಳಿ ಖಾಲಿ, ತಳದಲ್ಲಿ ಬೆಳ್ಳಗೆ ಎಲುಬು.

ಆ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಜೋರಾಗಿ ಉಗುಳಿದರೆ, ಮುಕ್ಕಳಿಸಿದರೆ, ಸ್ಟ್ರಾ ಹಾಕಿ ಹೀರಿದರೆ, ಬೀಡಿ ಎಳೆದರೆ ಅದು ಕಿತ್ತು ಬರುತ್ತದೆ. ಡಾಕ್ಟರು ಇದಕ್ಕೆ ಡ್ರೈ ಸಾಕೆಟ್ ಅಂತಾರೆ. ಮರುದಿನ ಕುಳಿ ತೊಳೆದು ಲವಂಗದ ವಾಸನೆಯ ಔಷಧಿ ತುಂಬಿದ ಮೇಲೆಯೇ ಅವನು ಮಲಗಿದ್ದು.

ಮೊದಲ 24 ತಾಸು ಮುಕ್ಕಳಿಸಲೇಬಾರದು. ಜೊಲ್ಲು ತಾನಾಗೇ ಇಳಿಯಲಿ, ಒರೆಸಿಕೊಳ್ಳಲಿ. ಆಮೇಲೆ ಉಗುರುಬೆಚ್ಚಗಿನ ಉಪ್ಪುನೀರು ಬಾಯಲ್ಲಿ ಸುಮ್ಮನೆ ಆಡಿಸಿ ಬಿಟ್ಟರೆ ಸಾಕು. ಮೊದಲ ದಿನ ಗಲ್ಲಕ್ಕೆ ಹೊರಗಿನಿಂದ ಐಸು. ಬಾವು ಎರಡು ಮೂರು ದಿನ ಏರುವುದು ಸಹಜ, ಅದಕ್ಕೆ ಹೆದರಬೇಡಿ. ಕಟಿರೊಟ್ಟಿ, ಶೇಂಗಾ ಹಿಂಡಿ ದೂರ ಇಡಿ. ಆರಿದ ನುಚ್ಚು, ಮಜ್ಜಿಗೆ ಕೊಡಿ. ತಂಬಾಕು, ಬೀಡಿ, ಗುಟ್ಕಾ ಗಾಯ ಮಾಯುವತನಕ ಬೇಡ. ನಮ್ಮ ಕಡೆ ಹೆಂಗಸರು ಹಲ್ಲುನೋವಿಗೆ ತಿಕ್ಕುವ ಮಿಶ್ರಿಯೂ ಸುಟ್ಟ ತಂಬಾಕೇ, ಅದೂ ಬೇಡ.

ಸಕ್ಕರೆ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಗುಳಗಿ ನುಂಗುತ್ತಿದ್ದರೆ ಹಲ್ಲು ತೆಗೆಸುವ ಮೊದಲೇ ಹೇಳಿ. ಆ ಗುಳಗಿ ನೀವಾಗೇ ನಿಲ್ಲಿಸಬೇಡಿ. ಅರಳೆ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ನುಂಗಲು ಆಗದಿದ್ದರೆ ಬೆಳಗಿನತನಕ ಕಾಯಬೇಡಿ.

ಹಲ್ಲಿನ ಡಾಕ್ಟರುಗಳಿಗೆ ನನ್ನದೊಂದೇ ಕೇಳಿಕೆ. ಚೀಟಿ ಕನ್ನಡದಲ್ಲಿ ಬರೆಯಿರಿ. ಹಲ್ಲು ತೆಗೆಯುವ ಮೊದಲೇ, ಐದು ನಿಮಿಷ, ಹೊರಗೆ ಕೂತ ಅವ್ವನನ್ನೋ ಹೆಂಡತಿಯನ್ನೋ ಒಳಗೆ ಕರೆದು ಇಷ್ಟು ಹೇಳಿರಿ.